ಛಿದ್ರದ ತೂಕ

ದೋಷವಿಲ್ಲದ ಕೃತಿಯು ಮನುಷ್ಯನ ಕೈಯಿಂದ ಹುಟ್ಟಿಲ್ಲವೆಂಬುದನ್ನು ಒಪ್ಪದವರಿಲ್ಲ. ಒಪ್ಪಿದ ಮೇಲೆ ಮಾಡತಕ್ಕದ್ದೇನು ಎಂಬಲ್ಲಿಯೇ ವಿವಾದವು ಮೊದಲಾಗುತ್ತದೆ. ಗೋಡೆಯಲ್ಲಿ ಬಿರುಕು ಕಂಡ ಗೃಹಸ್ಥನು ಬಿರುಕು ಉಂಟೊ ಇಲ್ಲವೊ ಎಂದು ಕೇಳುವುದಿಲ್ಲ. ಅದು ಕಣ್ಣಿಗೆ ಕಾಣುತ್ತಿದೆ. ಈ ಮಳೆಗಾಲವನ್ನು ಗೋಡೆಯು ತಡೆದೀತೆ, ಬಿದ್ದರೆ ಯಾವ ಕಡೆಗೆ ಬಿದ್ದೀತು, ಆ ಕಡೆಯಲ್ಲಿ ಮಲಗುವವರು ಯಾರು ಎಂಬುದೇ ಅವನ ಚಿಂತೆ. ಇವುಗಳಲ್ಲಿ ಮೊದಲಿನೆರಡಕ್ಕೆ ಉಪ್ಪಾರನು ಉತ್ತರ ಹೇಳಬಲ್ಲನು. ಮೂರನೆಯದಕ್ಕೆ ಉತ್ತರ ಹೇಳಬೇಕಾದವನು ಮನೆಯಲ್ಲಿ ವಾಸಿಸುವವನು. ಶಾಸ್ತ್ರಕ್ಕೂ ನೀತಿಗೂ ನಡುವಣ ಗಡಿಯು ಇಲ್ಲಿಯೇ ಬಿದ್ದಿದೆಯೆಂದು ಹೇಳಬಹುದಾಗಿದೆ.

ಈ ಕಾಲದಲ್ಲಿ ಆ ಪ್ರಶ್ನೆಯು ಗೋಡೆಯನ್ನು ಬಿಟ್ಟು ಗಣಕಯಂತ್ರವನ್ನು ಹೊಕ್ಕಿದೆ. ಗಣಕಯಂತ್ರವನ್ನಾಗಲಿ ಮೊಬೈಲನ್ನಾಗಲಿ ಆಳುವ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎಂದೂ ಅದರ ತಿರುಳಿಗೆ ಕರ್ನೆಲ್ ಎಂದೂ ಹೆಸರು. ದೊಡ್ಡ ವಾಡೆಯೊಂದರ ಉಗ್ರಾಣಿಯನ್ನು ಕಲ್ಪಿಸಿಕೊಂಡರೆ ಕರ್ನೆಲಿನ ಸ್ವರೂಪವು ತಿಳಿಯುತ್ತದೆ. ವಾಡೆಯ ಎಲ್ಲ ಕೋಣೆಗಳ ಬೀಗದ ಕೈಗಳೂ ಅವನ ಸೊಂಟದಲ್ಲಿರುವುವು. ಉಳಿದ ತಂತ್ರಾಂಶಗಳು, ಲೆಕ್ಕ ಬರೆಯತಕ್ಕದ್ದಾಗಲಿ ಹಾಡು ಕೇಳಿಸತಕ್ಕದ್ದಾಗಲಿ ಹಣ ಕಳಿಸತಕ್ಕದ್ದಾಗಲಿ, ತಮಗೆ ಬೇಕಾದುದನ್ನು ಅವನಲ್ಲಿಯೇ ಬೇಡಿ ಪಡೆಯಬೇಕು. ಒಂದರ ಕೋಣೆಗೆ ಮತ್ತೊಂದು ಕಾಲಿಡದಂತೆ ಕಾಯುವವನೂ ಅವನೇ. ಆಳುಗಳಲ್ಲಿ ಒಬ್ಬನು ಮೋಸಹೋದರೆ ಕೆಡುವುದು ಅವನ ಕೋಣೆ. ಉಗ್ರಾಣಿಯೇ ಮೋಸಹೋದರೆ ಅವನನ್ನು ಹಿಡಿಯಬೇಕಾದವನು ಅವನ ಮೇಲೆ ಯಾರೂ ಇಲ್ಲ. ಕರ್ನೆಲಿನಲ್ಲಿ ಕಂಡುಬರುವ ರಕ್ಷಣಾದೋಷಕ್ಕೆ ಇತರ ದೋಷಗಳಿಗಿಲ್ಲದ ಭಾರವು ಬರುವುದು ಈ ಕಾರಣದಿಂದ.

ಆದರೆ ದೋಷದ ಭಾರವೇ ಬೇರೆ, ಅದರಿಂದ ಒದಗುವ ಗಂಡಾಂತರವೇ ಬೇರೆ. ಈ ಎರಡನ್ನೂ ಒಂದೆಂದು ಎಣಿಸುವುದರಿಂದ ಪಂಡಿತರಲ್ಲಿಯೂ ಪಾಮರರಲ್ಲಿಯೂ ಬಹಳ ಗೊಂದಲವು ಹುಟ್ಟಿದೆ.

ಇಂಥ ದೋಷಗಳಿಗೆ ಕ್ರಮಸಂಖ್ಯೆ ಕೊಟ್ಟು ಪಟ್ಟಿಮಾಡುವ ಪದ್ಧತಿಯು 1999ರಲ್ಲಿ ಮೊದಲಾಯಿತು. ಅವುಗಳ ಉಗ್ರತೆಯನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಹೇಳುವ ಸಿ.ವಿ.ಎಸ್.ಎಸ್. ಎಂಬ ಅಳತೆಯು 2005ರಲ್ಲಿ ಹೊರಟಿತು; 2023ರಲ್ಲಿ ಅದರ ನಾಲ್ಕನೆಯ ಆವೃತ್ತಿಯು ಬಂದಿದೆ. ದೂರದಿಂದ ನುಗ್ಗಬಹುದೆ ಅಥವಾ ಒಳಗಿದ್ದವನೇ ಬೇಕೆ, ಸುಲಭವೆ ಕಷ್ಟವೆ, ನುಗ್ಗಿದವನು ಓದಬಲ್ಲನೆ, ತಿದ್ದಬಲ್ಲನೆ, ನಿಲ್ಲಿಸಿಬಿಡಬಲ್ಲನೆ—ಹೀಗೆ ಪ್ರಶ್ನಿಸಿ ಅಂಕವನ್ನು ಕಟ್ಟುತ್ತಾರೆ. ಪದ್ಧತಿಯನ್ನು ರಚಿಸಿದವರು ಪ್ರಾಮಾಣಿಕರು. ದೋಷದ ಸ್ವಭಾವಕ್ಕೆ ಒಂದು ಅಂಕ, ಕಾಲಕ್ಕೆ ತಕ್ಕಂತೆ ಅದನ್ನು ತಿದ್ದಲು ಇನ್ನೊಂದು, ಬಳಸುವವನ ಪರಿಸರಕ್ಕೆ ತಕ್ಕಂತೆ ಮತ್ತೊಂದು ಎಂದು ಮೂರು ಭಾಗಗಳನ್ನು ಅವರು ಮಾಡಿಟ್ಟಿದ್ದಾರೆ. ಮೊದಲನೆಯದನ್ನು ಮಾತ್ರ ಊರಿಗೆಲ್ಲ ಸಾರುತ್ತಾರೆ. ಮೂರನೆಯದನ್ನು ತುಂಬತಕ್ಕವನು ಬಳಸುವವನೇ. ಅವನೋ, ಮೊದಲನೆಯದನ್ನೇ ನೋಡಿ ಹೌಹಾರುತ್ತಾನೆ ಅಥವಾ ನಿದ್ರೆಹೋಗುತ್ತಾನೆ. ದಶಮಾಂಶ ಬಿಂದುವಿಗೆ ಒಂದು ಮಾಯೆಯುಂಟು. "ಅಪಾಯ ಹೆಚ್ಚು" ಎಂದರೆ ಏಕೆಂದು ಕೇಳುವವನು "ಒಂಬತ್ತು ಬಿಂದು ಎಂಟು" ಎಂದರೆ ತಲೆಬಾಗುತ್ತಾನೆ.

ಆ ಅಂಕಗಳಿಂದ ಮುಂದಿನದನ್ನು ತಿಳಿಯಲು ಹೊರಟವರ ಪಾಡನ್ನು ನೋಡಬೇಕು. 2019ರ ಮೇ ತಿಂಗಳಲ್ಲಿ ವಿಂಡೋಸಿನ ದೂರನಿಯಂತ್ರಣದ ಭಾಗದಲ್ಲಿ 'ಬ್ಲೂಕೀಪ್' ಎಂಬ ದೋಷವು ಪ್ರಕಟವಾಯಿತು. ಅದಕ್ಕೆ ಬಂದ ಅಂಕ 9.8. ತಯಾರಕರು ತಾವು ಕೈಬಿಟ್ಟಿದ್ದ ಹಳೆಯ ಆವೃತ್ತಿಗಳಿಗೂ ತೇಪೆಯನ್ನು ಕಳಿಸಿದರು. ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹಬ್ಬುವ ಮಾರಿಯು ಬಂದೀತೆಂದು ಜಗತ್ತು ಕಾದಿತ್ತು. ಅಂಥ ಮಾರಿಯು ಬರಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 2017ರ ಮೇ 12ರಂದು, ಅದಕ್ಕಿಂತ ಕಡಿಮೆ ಅಂಕದ ಮತ್ತೊಂದು ದೋಷದ ದಾರಿಯಿಂದ 'ವಾನಾಕ್ರೈ' ಬಂದು ಬ್ರಿಟನ್ನಿನ ಆಸ್ಪತ್ರೆಗಳನ್ನು ಸ್ತಬ್ಧಗೊಳಿಸಿತು. ನೆರೆಯ ಆಂಧ್ರಪ್ರದೇಶದ ಪೋಲೀಸರ ಗಣಕಗಳನ್ನೂ ಬಿಡಲಿಲ್ಲ. ಇನ್ನು 2018ರ ಜನವರಿಯಲ್ಲಿ ಪ್ರಕಟವಾದ 'ಮೆಲ್ಟ್‌ಡೌನ್'. ಅದು ಕರ್ನೆಲಿನ ಗುಟ್ಟುಗಳನ್ನು ಸಂಸ್ಕಾರಕದ ಮೂಲಕವೇ ಓದಬಹುದೆಂದು ತೋರಿಸಿ, ಜಗತ್ತಿನ ಕರ್ನೆಲುಗಳೆಲ್ಲ ತಮ್ಮ ಸ್ಮೃತಿಯ ಏರ್ಪಾಟನ್ನೇ ಬದಲಿಸುವಂತೆ ಮಾಡಿತು. ಅದರ ಅಂಕ ಕೇವಲ 5.6. ಪರೀಕ್ಷೆಯಲ್ಲಿ ಇಂಥ ಅಂಕ ಪಡೆದವನನ್ನು ಎರಡನೆಯ ದರ್ಜೆಯವನೆಂದು ಕರೆಯುತ್ತಾರೆ.

ಅಳತೆಯು ಸುಳ್ಳೆಂದು ಇದರಿಂದ ತೀರ್ಮಾನಿಸತಕ್ಕದ್ದಲ್ಲ. ತಕ್ಕಡಿಯು ಸರಿಯಾಗಿಯೇ ತೂಗುತ್ತದೆ. ತೂಗಿದ್ದು ಏನನ್ನು ಎಂಬುದನ್ನು ಮರೆಯುವವರು ಜನರು. ದೋಷವು ಒಂದು ವಸ್ತುವಿನಲ್ಲಿರುವುದು. ಗಂಡಾಂತರವು ಆ ವಸ್ತುವಿಗೂ, ಅದನ್ನು ಮುರಿಯಲೆಳಸುವವನಿಗೂ, ಅದನ್ನು ನೆಚ್ಚಿ ಬದುಕುವವನಿಗೂ ನಡುವೆ ಇರುವುದು. ಮೂವರಲ್ಲಿ ಯಾರೊಬ್ಬರು ಬದಲಾದರೂ ಅದು ಬದಲಾಗುತ್ತದೆ.

ರಾಯಚೂರಿನವರಿಗೆ ಇದನ್ನು ತಿಳಿಯಲು ಪರದೇಶದ ದೃಷ್ಟಾಂತವು ಬೇಕಿಲ್ಲ. ಎಡೆದೊರೆ ನಾಡಿನ ನಡುವೆ ನಿಂತಿರುವ ಕೋಟೆಯೇ ಸಾಕು. ಗೋರೆ ಗಂಗಯ್ಯ ರೆಡ್ಡಿಯ ಕಾಲದ 1294ರ ಶಾಸನವನ್ನು ಹೊತ್ತ, ಸುಮಾರು 41 ಅಡಿ ಉದ್ದದ ಕಲ್ಲು ಈಗಲೂ ಅದರ ಗೋಡೆಯಲ್ಲಿದೆ; ಅಂಥ ಕಲ್ಲನ್ನು ಬಂಡಿಯ ಮೇಲೆ ಎಳೆತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಸುಣ್ಣವಿಲ್ಲದೆ ಕೂಡಿಸಿದ ಭಾರಿ ಕಲ್ಲು, ಒಳಗೆ ಗಟ್ಟಿಸಿ ತುಂಬಿದ ಮಣ್ಣು: ಕಟ್ಟಿದವರು ಅರಿತಿದ್ದ ಯಾವ ಆಯುಧಕ್ಕೂ ಅದು ಬಗ್ಗತಕ್ಕದ್ದಾಗಿರಲಿಲ್ಲ. 1520ರಲ್ಲಿ ಅದು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ವಶದಲ್ಲಿದ್ದಾಗ ಕೃಷ್ಣದೇವರಾಯನು ಮುತ್ತಿದನು. ಪೋರ್ತುಗೀಸ್ ವರ್ತಕ ನ್ಯೂನಿಜನ ಬರವಣಿಗೆಯಂತೆ ಕೋಟೆಯ ಫಿರಂಗಿಗಳು ಎತ್ತರದಲ್ಲಿದ್ದುವು. ದೂರದಲ್ಲಿರುವವರನ್ನು ಕೊಲ್ಲುತ್ತಿದ್ದುವೇ ಹೊರತು ಗೋಡೆಯ ಬುಡವನ್ನು ಸೇರಿದವರನ್ನು ಮುಟ್ಟಲಾರದೆ ಹೋದುವು. ಬುಡವನ್ನು ಸೇರಿದವರು ಹಾರೆ ಗುದ್ದಲಿಗಳಿಂದ ಕಲ್ಲುಗಳನ್ನು ಕಿತ್ತರು. ಕಿತ್ತ ಕಲ್ಲಿನ ಗಾತ್ರಕ್ಕೆ ತಕ್ಕ ಹಣವನ್ನು ದಂಡನಾಯಕರು ಕೊಡುತ್ತಿದ್ದರು. ಆದರೂ ಮೇಲಿನವರು ಬಾಗಿ ಕಲ್ಲು ಬಾಣಗಳಿಂದ ಅವರನ್ನು ಹೊಡೆಯಬಹುದಾಗಿತ್ತು, ಹೊಡೆಯುತ್ತಲೂ ಇದ್ದರು. ಅಷ್ಟರಲ್ಲಿ ಫಿಗೈರೆದೊ ಎಂಬ ಪೋರ್ತುಗೀಸನು ತನ್ನ ಬಂದೂಕುಗಾರರೊಡನೆ ಬಂದು, ತೆನೆಗಳ ನಡುವೆ ತಲೆಯೆತ್ತಿದವರನ್ನು ಕೆಳಗಿನಿಂದಲೇ ಕೆಡಹತೊಡಗಿದನು. ಬಾಗಿ ನೋಡಿದ ಕೋಟೆಯ ಅಧಿಪತಿಯು ಹಣೆಗೆ ಗುಂಡು ತಗಲಿ ಸತ್ತನು. ಮರುದಿನ ಕೋಟೆಯು ಶರಣಾಯಿತು.

ಇಲ್ಲಿ ವಿಚಾರಿಸತಕ್ಕದ್ದೇನೆಂದರೆ, ಗೋಡೆಯ ಬುಡವು ಫಿರಂಗಿಗೆ ಮರೆಯಾಗಿದ್ದ ದೋಷವು ಬಂದೂಕು ಬರುವ ಮೊದಲೂ ಇತ್ತು. ಮೇಲಿನಿಂದ ಬಾಗಿ ಹೊಡೆಯುವವನು ನಿರ್ಭಯನಾಗಿದ್ದಷ್ಟು ಕಾಲ ಅದು ದೋಷವೆಂದೇ ಎಣಿಕೆಗೆ ಬರಲಿಲ್ಲ. ಕೋಟೆಯ ಒಂದು ಕಲ್ಲೂ ಬದಲಾಗದೆ, ಕೋಟೆಯ ಗಂಡಾಂತರವು ಬದಲಾಯಿತು.

ಸರಿಯಾಗಿ ಇಂಥದೇ ಒಂದು ಪ್ರಸಂಗವು ಲಿನಕ್ಸ್ ಕರ್ನೆಲಿನ ಚರಿತ್ರೆಯಲ್ಲಿ ಉಂಟು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಈ ಕರ್ನೆಲು ಇಂದು ಆಂಡ್ರಾಯ್ಡ್ ಮೊಬೈಲುಗಳಲ್ಲಿಯೂ ಜಗತ್ತಿನ ಮಹಾಗಣಕಗಳಲ್ಲಿಯೂ ಇದೆ. 2016ರ ಅಕ್ಟೋಬರಿನಲ್ಲಿ ಅದರಲ್ಲಿ 'ಡರ್ಟಿ ಕೌ' ಎಂಬ ದೋಷವನ್ನು ಮುಚ್ಚಿದರು. ಎರಡು ಕೆಲಸಗಳು ಒಂದೇ ಕ್ಷಣದಲ್ಲಿ ಒಂದನ್ನೊಂದು ಹಿಂದೆಹಾಕಲು ಓಡಿದಾಗ, ಓದಲು ಮಾತ್ರ ಅನುಮತಿಯಿದ್ದ ಕಡತವನ್ನು ತಿದ್ದಲು ಸಾಧ್ಯವಾಗುತ್ತಿದ್ದ ಲೋಪವದು. ಸಾಮಾನ್ಯನು ಕ್ಷಣಮಾತ್ರದಲ್ಲಿ ಯಂತ್ರದ ಒಡೆಯನಾಗಬಹುದಾಗಿತ್ತು. 2007ರಿಂದ ಅದು ಕರ್ನೆಲಿನಲ್ಲಿ ಬಾಯಿತೆರೆದು ಕುಳಿತಿತ್ತು. ತೇಪೆಯೊಡನೆ ಟೋರ್ವಾಲ್ಡ್ಸರು ಬರೆದ ಟಿಪ್ಪಣಿಯು ದೋಷಕ್ಕಿಂತ ಸ್ವಾರಸ್ಯವಾದುದು. ಹನ್ನೊಂದು ವರ್ಷಗಳ ಹಿಂದೆಯೇ ತಾವು ಇದನ್ನು ಸರಿಪಡಿಸಲು ಅರೆಬರೆಯಾಗಿ ಯತ್ನಿಸಿದ್ದುದನ್ನೂ, ಬೇರೊಂದು ಬಗೆಯ ಯಂತ್ರದಲ್ಲಿ ತೊಡಕು ಬಂದು ಆ ತಿದ್ದುಪಡಿಯು ರದ್ದಾದುದನ್ನೂ, ಆಗ ಕೇವಲ ತರ್ಕಕ್ಕೆ ನಿಲುಕುತ್ತಿದ್ದ ಸಂಧಿಯು ಕಾಲಕ್ರಮದಲ್ಲಿ ಸುಲಭವಾದುದನ್ನೂ ಅವರು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ. ಕಂಡುಹಿಡಿದವನಾದ ಫಿಲ್ ಓಸ್ಟರನಾದರೂ ಪುಸ್ತಕವನ್ನೋದಿ ಕಂಡುಹಿಡಿದವನಲ್ಲ; ತನ್ನ ಯಂತ್ರದ ಮೇಲೆ ನಡೆದ ದಾಳಿಯ ಹೆಜ್ಜೆಗಳಿಂದ ಅದನ್ನು ಹಿಡಿದನು. ಅಂದರೆ ಮೊದಲು ಅರಿತವನು ಕಳ್ಳನೇ.

ನಳಚರಿತ್ರೆಯಲ್ಲಿ ಕಲಿಯು ಹನ್ನೆರಡು ವರ್ಷ ಕಾದನಂತೆ. ಒಂದು ದಿನ ನಳನು ಕಾಲು ತೊಳೆಯದೆ ಸಂಧ್ಯೆಗೆ ಕುಳಿತನು; ಅಷ್ಟೇ ಸಾಕಾಯಿತು. ಕಥೆಯನ್ನು ಕೇಳುವವರು ನಳನ ಅಜಾಗರೂಕತೆಯನ್ನು ಕುರಿತು ಮರುಗುತ್ತಾರೆ. ಆದರೆ ಹನ್ನೆರಡು ವರ್ಷ ಪ್ರತಿದಿನವೂ ಕಾಲು ತೊಳೆದವನನ್ನು ಅಜಾಗರೂಕನೆನ್ನುವುದು ನ್ಯಾಯವಲ್ಲ. ಕಾಯುವವನಿಗೆ ಒಂದು ಸಂಜೆ ಸಾಕು, ಕಾಪಾಡಿಕೊಳ್ಳುವವನಿಗೆ ಎಲ್ಲ ಸಂಜೆಗಳೂ ಬೇಕು. ಇದು ಈ ವಿಷಯದ ಸ್ವಭಾವದಲ್ಲಿಯೇ ಇರುವ ಅನ್ಯಾಯ.

ಹಾಗಾದರೆ ಕಂಡ ದೋಷವನ್ನೆಲ್ಲ ಕಂಡೊಡನೆ ಮುಚ್ಚಿಬಿಟ್ಟರಾಯಿತಲ್ಲವೆ, ತೂಗುವ ಗೊಡವೆಯೇಕೆ ಎಂದು ಕೆಲವರು ಕೇಳುತ್ತಾರೆ. ಮುಚ್ಚುವುದಕ್ಕೂ ಬೆಲೆಯುಂಟು. ಮೆಲ್ಟ್‌ಡೌನಿನ ಚಿಕಿತ್ಸೆಯಿಂದ ಯಂತ್ರಗಳ ವೇಗವು ತಗ್ಗಿತು. 2024ರ ಜುಲೈ 19ರಂದು, ಕಳ್ಳರಿಂದ ಕಾಯುವುದಕ್ಕಾಗಿಯೇ ಕರ್ನೆಲಿನೊಳಗೆ ಕುಳ್ಳಿರಿಸಿದ್ದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ತಂತ್ರಾಂಶಕ್ಕೆ ಬಂದ ಒಂದು ಪರಿಷ್ಕರಣದಿಂದ ಸುಮಾರು 85 ಲಕ್ಷ ಯಂತ್ರಗಳು ಒಮ್ಮೆಗೇ ಕುಸಿದುವು; ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಕೆಲವು ಕಂಪೆನಿಗಳು ಪ್ರಯಾಣಿಕರ ನೋಂದಣಿಯನ್ನು ಕೈಯಿಂದಲೇ ನಡೆಸಬೇಕಾಯಿತು. ಅಂದು ಯಾವ ಕಳ್ಳನೂ ಬಂದಿರಲಿಲ್ಲ, ಕಾವಲುಗಾರನೇ ಎಡವಿದ್ದನು.

ಬೆಲೆಯ ಈ ಮಾತು ತುಂಗಭದ್ರೆಯ ಕಾಲುವೆಯನ್ನು ನೆಚ್ಚಿದ ಜಿಲ್ಲೆಗೆ ಹೊಸದಲ್ಲ. 1953ರಲ್ಲಿ ಮುಗಿದ ಆ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿದ್ದಾಗ, ಹತ್ತೊಂಬತ್ತನೆಯ ಗೇಟಿನ ಸರಪಣಿಯು ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುತ್ತಿದ್ದ ನೀರಿನ ನಡುವೆಯೇ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದೊಳಗೆ ದಾರಿಯನ್ನು ಮುಚ್ಚಿದರು. ಆ ಸಾಹಸವು ಪ್ರಶಂಸೆಗೆ ಪಾತ್ರವಾದುದು ಯೋಗ್ಯವೇ. ಅನಂತರದ ಪರೀಕ್ಷೆಯಲ್ಲಿ ಉಳಿದ ಗೇಟುಗಳೂ ಮುಪ್ಪಾಗಿವೆಯೆಂದು ತಜ್ಞರು ಹೇಳಿದರು. 2025ರಲ್ಲಿ, 105 ಟಿ.ಎಂ.ಸಿ.ಗೂ ಮಿಕ್ಕಿ ನೀರು ಹಿಡಿಯಬಲ್ಲ ಜಲಾಶಯದಲ್ಲಿ 80 ಟಿ.ಎಂ.ಸಿ. ಮಾತ್ರ ನಿಲ್ಲಿಸುವ ನಿರ್ಧಾರವಾಯಿತು. ನಿರ್ಧಾರವು ವಿವೇಕದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ವಿವೇಕದ ಬೆಲೆಯನ್ನು ತೆತ್ತವರು ಯಾರು? ಎಡದಂಡೆ ಕಾಲುವೆಯು 227 ಕಿಲೋಮೀಟರು ಉದ್ದದ್ದು. ನೀರು ಸಾಕಷ್ಟಿದ್ದ ವರ್ಷಗಳಲ್ಲಿಯೇ ಮಾನ್ವಿ, ರಾಯಚೂರು ಸೀಮೆಯ ಕೊನೆಯ ಹೊಲಗಳವರು ನೀರಿಗಾಗಿ ಕೂಗಿಡಬೇಕಾಗುತ್ತದೆ. ನೀರು ತಗ್ಗಿದಾಗ ಮೊದಲು ಒಣಗುವುದು ಕೊನೆಯ ಹೊಲವೇ. ಅಜಾಗರೂಕತೆಯ ಫಲವನ್ನೂ ಅವನೇ ಉಣ್ಣಬೇಕು, ಜಾಗರೂಕತೆಯ ಖರ್ಚನ್ನೂ ಅವನೇ ಕೊಡಬೇಕು. ಸರಪಣಿಯನ್ನು ಪರೀಕ್ಷಿಸುವ ಅಧಿಕಾರವು ಮಾತ್ರ ಅವನಿಗಿಲ್ಲ.

ಗಂಡಾಂತರವನ್ನು ತೂಗುವವನು ಒಬ್ಬ, ಹೊರುವವನು ಮತ್ತೊಬ್ಬನಾದಾಗಲೆಲ್ಲ ಲೆಕ್ಕವು ನೀತಿಯ ವಿಷಯವಾಗುತ್ತದೆ. ವಾನಾಕ್ರೈ ಬಳಸಿದ ದೋಷವನ್ನು ಅಮೆರಿಕದ ಒಂದು ಗೂಢಚರ್ಯೆಯ ಇಲಾಖೆಯು ಮೊದಲೇ ಅರಿತಿದ್ದು, ತನ್ನ ಕಾರ್ಯಕ್ಕೆ ಉಪಯೋಗವಾದೀತೆಂದು ವರ್ಷಗಟ್ಟಲೆ ಗುಟ್ಟಾಗಿಟ್ಟಿತ್ತು. ಗುಟ್ಟು ಕಳುವಾಗಿ 2017ರ ಏಪ್ರಿಲಿನಲ್ಲಿ ಬೀದಿಗೆ ಬಿತ್ತು. ತೇಪೆಯು ಮಾರ್ಚಿಯಲ್ಲಿಯೇ ಬಂದಿತ್ತಾದರೂ ಹಚ್ಚಿಕೊಳ್ಳದವರು ಲಕ್ಷೋಪಲಕ್ಷ. ಆ ಇಲಾಖೆಯವರೂ ತೂಗದೆ ಇರಲಿಲ್ಲ. ಲಾಭವು ತಮ್ಮದು, ನಷ್ಟವು ಲೋಕದ್ದು ಎಂಬ ತಕ್ಕಡಿಯಲ್ಲಿ ತೂಗಿದರು. ಅಂಥ ತಕ್ಕಡಿಯಲ್ಲಿ ಗುಟ್ಟಿನ ಕಡೆಯೇ ಯಾವಾಗಲೂ ಕೆಳಗಾಗುತ್ತದೆ.

ಲಿನಕ್ಸ್ ಕರ್ನೆಲಿನವರು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದಿದ್ದಾರೆ. 2024ರ ಫೆಬ್ರವರಿಯಿಂದ ತಮ್ಮ ದೋಷಗಳಿಗೆ ತಾವೇ ಕ್ರಮಸಂಖ್ಯೆ ಕೊಡುವ ಅಧಿಕಾರವನ್ನು ವಹಿಸಿಕೊಂಡು, ರಕ್ಷಣೆಗೆ ಸಂಬಂಧಿಸಿರಬಹುದಾದ ತಿದ್ದುಪಡಿಗಳಿಗೆಲ್ಲ ಸಂಖ್ಯೆ ಕೊಡುತ್ತ ಬಂದಿದ್ದಾರೆ; ಸಂಖ್ಯೆಗಳು ಸಾವಿರಾರಾದುವು. ಯಾವುದು ಯಾರಿಗೆ ಅಪಾಯವೆಂಬುದನ್ನು ಹೇಳಲು ಮಾತ್ರ ಅವರು ಒಪ್ಪುವುದಿಲ್ಲ. ತಮ್ಮ ಕೃತಿಯನ್ನು ಯಾರು ಎಲ್ಲಿ ಹೇಗೆ ಬಳಸುತ್ತಾರೆಂಬುದು ತಮಗೆ ತಿಳಿಯದೆಂಬುದು ಅವರ ಉತ್ತರ. ಇದರಲ್ಲಿ ಅರ್ಧ ವಿನಯವೂ ಅರ್ಧ ನುಣುಚುವಿಕೆಯೂ ಕೂಡಿಕೊಂಡಿವೆ. ರೋಗಿಯ ಮನೆಯ ಸ್ಥಿತಿಯು ತನಗೆ ತಿಳಿಯದೆಂದು ವೈದ್ಯನು ಹೇಳಿದರೆ ಒಪ್ಪಬಹುದು. ಸಾವಿರ ರೋಗಗಳ ಹೆಸರುಗಳನ್ನು ಕೈಗಿತ್ತು ನಿನ್ನದಾವುದೋ ಆರಿಸಿಕೊ ಎಂದರೆ ರೋಗಿಯು ಏನು ಮಾಡಬೇಕು? ಬೆಂಗಳೂರಿನ ದೊಡ್ಡ ಸಂಸ್ಥೆಯು ಸಂಬಳ ಕೊಟ್ಟು ಆರಿಸುವವರನ್ನು ಇಟ್ಟುಕೊಳ್ಳುತ್ತದೆ. ಬಾಗಲವಾಡದವನು?

ಬಾಗಲವಾಡದಲ್ಲಿ ಹತ್ತಿ ಬೆಳೆಯುವ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಬಹುದು. ರಾಯಚೂರಿನ ಮಾರುಕಟ್ಟೆಯಲ್ಲಿ ಮಾರಿದ ಹತ್ತಿಯ ಹಣವು ಬ್ಯಾಂಕಿನ ಖಾತೆಗೆ ಬರುತ್ತದೆ. ಖಾತೆಯ ಬೀಗದ ಕೈಯು ಕಿಸೆಯಲ್ಲಿನ ಮೊಬೈಲಿನಲ್ಲಿದೆ. ಆ ಮೊಬೈಲು ಆರೇಳು ವರ್ಷ ಹಳೆಯದು. ತಯಾರಕರು ಅದಕ್ಕೆ ತೇಪೆ ಕಳಿಸುವುದನ್ನು ಎಂದೋ ನಿಲ್ಲಿಸಿದ್ದಾರೆ. ಇದು ಬರಿಯ ಊಹೆಯಲ್ಲ. ಆಂಡ್ರಾಯ್ಡಿನ ಕರ್ನೆಲಿನಲ್ಲಿರುವ ಬೈಂಡರ್ ಎಂಬ ಭಾಗದ ಒಂದು ದೋಷವನ್ನು ಮೂಲ ಕರ್ನೆಲಿನಲ್ಲಿ 2018ರ ಫೆಬ್ರವರಿಯಲ್ಲಿಯೇ ಸರಿಪಡಿಸಿದ್ದರು. ಕೈಯಲ್ಲಿನ ಮೊಬೈಲುಗಳಿಗೆ ಆ ತಿದ್ದುಪಡಿಯು ಬರಲಿಲ್ಲ. 2019ರ ಅಕ್ಟೋಬರಿನಲ್ಲಿ, ಅದನ್ನು ಬಳಸಿ ದಾಳಿಗಳು ನಡೆಯುತ್ತಿವೆಯೆಂಬ ಸುಳಿವಿನಿಂದ, ಗೂಗಲಿನ ಪ್ರಾಜೆಕ್ಟ್ ಝೀರೋ ತಂಡದವರು ಅದನ್ನು ಪ್ರಕಟಿಸಿದರು. ಅವರು ಹೆಸರಿಸಿದ ಮೊಬೈಲುಗಳಲ್ಲಿ ಬೆಲೆಬಾಳುವ ಪಿಕ್ಸೆಲ್ 2 ಇದ್ದಂತೆ, ಅಗ್ಗದ ಬೆಲೆಯಿಂದ ಈ ದೇಶದಲ್ಲಿ ಮಾರಾಟವಾದ ರೆಡ್ಮಿ 5ಎ ಕೂಡ ಇತ್ತು.

ಆ ರೈತನ ಗಂಡಾಂತರವೆಷ್ಟು? ಇಲ್ಲಿ ಸತ್ಯವನ್ನೇ ಹೇಳಬೇಕು, ಹೆದರಿಸುವುದು ಸುಲಭವಾದರೂ. ಕರ್ನೆಲಿನ ದೋಷವನ್ನು ಬಳಸಿ ನುಗ್ಗುವ ಉಪಕರಣವು ಬಹಳ ಬೆಲೆಯದು. ಅದನ್ನುಳ್ಳವರು ರಾಜಕಾರಣಿಯ, ಪತ್ರಕರ್ತನ ಬೆನ್ನು ಹತ್ತುವರೇ ಹೊರತು ಹತ್ತಿಯ ಹಣಕ್ಕಾಗಿ ವ್ಯಯಮಾಡರು. ರೈತನನ್ನು ಸುಲಿಯುವವನಿಗೆ ಕರ್ನೆಲಿನ ಜ್ಞಾನವು ಬೇಡ. ಬ್ಯಾಂಕಿನವನೆಂದು ಹೇಳಿ ಒಂದು ಕರೆ ಮಾಡಿ ಗುಟ್ಟಿನ ಸಂಖ್ಯೆಯನ್ನು ಕೇಳಿದರೆ ಸಾಕು, ಇಲ್ಲವೆ ಮದುವೆಯ ಕರೆಯೋಲೆಯ ವೇಷದಲ್ಲಿ ಒಂದು ಕಡತವನ್ನು ಕಳಿಸಿದರೆ ಸಾಕು. ಆದುದರಿಂದ 'ಅತ್ಯುಗ್ರ' ಎಂಬ ಪಟ್ಟಿಯನ್ನು ನೋಡಿ, ಹೊಸ ಮೊಬೈಲನ್ನು ಕೊಳ್ಳಲು ಸಾಲಮಾಡೆಂದು ಅವನಿಗೆ ಹೇಳುವವನು ಹಿತವನ್ನು ಹೇಳಿದಂತಾಗಲಿಲ್ಲ. ಅಸಂಭವವಾದ ನಷ್ಟದಿಂದ ತಪ್ಪಿಸಲು ನಿಶ್ಚಿತವಾದ ನಷ್ಟಕ್ಕೆ ಗುರಿಮಾಡಿದಂತಾಯಿತು.

ಆದರೆ ಈ ವಾದವನ್ನು ಇಲ್ಲಿಗೇ ನಿಲ್ಲಿಸಿ ಸಮಾಧಾನಪಡುವವರು 1520ರ ಕೋಟೆಯ ಅಧಿಪತಿಯನ್ನು ನೆನೆಯಬೇಕು. ಇಂದು ಬೆಲೆಯುಳ್ಳ ಉಪಕರಣವು ನಾಳೆ ಅಗ್ಗವಾಗುತ್ತದೆ. ಒಂದು ರಾಜ್ಯದ ಗುಪ್ತಾಯುಧವು ಬೀದಿಯ ಕಳ್ಳರ ಕೈಗೆ ಬಂದು ಆಸ್ಪತ್ರೆಗಳನ್ನು ಮುಟ್ಟಲು 2017ರಲ್ಲಿ ಒಂದು ತಿಂಗಳು ಸಾಕಾಯಿತು. ಅಲ್ಲದೆ ಮೋಸದ ಕಡತವೂ ಕರ್ನೆಲಿನ ದೋಷವೂ ಒಂದನ್ನೊಂದು ಕೂಡಿಕೊಳ್ಳಬಲ್ಲುವು: ಮೊದಲನೆಯದು ವಾಡೆಯ ಹೊಸ್ತಿಲನ್ನು ದಾಟಿಸಿದರೆ, ಎರಡನೆಯದು ಬೀಗದ ಕೈಗಳನ್ನು ಒಪ್ಪಿಸುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದು ಉಂಟು. ಸಂಭವವನ್ನು ನಷ್ಟದಿಂದ ಗುಣಿಸಿದರೆ ಗಂಡಾಂತರವು ದೊರೆಯುವುದೆಂದು ಗಣಿತಜ್ಞರು ಹೇಳುತ್ತಾರೆ. ನಷ್ಟವನ್ನು ರೂಪಾಯಿಗಳಲ್ಲಿ ಎಣಿಸಿದರೆ ಬಾಗಲವಾಡದವನ ಅರುವತ್ತು ಸಾವಿರವು ಬ್ಯಾಂಕಿನ ಕೋಟಿಗಳ ಮುಂದೆ ಧೂಳಿಗೆ ಸಮ. ಆದರೆ ಬ್ಯಾಂಕು ಕೋಟಿಯನ್ನು ಕಳೆದುಕೊಂಡ ಮರುದಿನವೂ ಬಾಗಿಲು ತೆರೆಯುತ್ತದೆ. ಇವನು ಅರುವತ್ತು ಸಾವಿರವನ್ನು ಕಳೆದುಕೊಂಡರೆ ಮುಂಗಾರಿಗೆ ಬೀಜವಿಲ್ಲ, ಗೊಬ್ಬರವಿಲ್ಲ. ಲೇವಾದೇವಿಯವನ ಮನೆಯ ದಾರಿಯೊಂದೇ ಉಳಿಯುವುದು. ಕಳೆದುದೆಷ್ಟೆಂಬುದಕ್ಕಿಂತ ಉಳಿದುದೆಷ್ಟೆಂಬುದರಿಂದ ನಷ್ಟವನ್ನು ಅಳೆಯುವುದೇ ನ್ಯಾಯವಾದ ಕ್ರಮ. ಹಾಗೆ ಅಳೆದರೆ, ಸಂಭವವು ಅತ್ಯಲ್ಪವಾದರೂ ಅವನ ಗಂಡಾಂತರವು ಅಲ್ಪವಲ್ಲ.

ಇದರಲ್ಲಿ ಮಾರುವವರ ಪಾಲೂ ಉಂಟು. ತಾವು ಮಾರುವ ವಸ್ತುವಿಗೆ ಕನಿಷ್ಠ ಎಷ್ಟು ಕಾಲ ರಕ್ಷಣೆಯ ತೇಪೆಗಳನ್ನು ಕೊಡುವರೆಂಬುದನ್ನು ಪ್ರಕಟಿಸಬೇಕೆಂದು ಬ್ರಿಟನ್ನಿನಲ್ಲಿ 2024ರ ಏಪ್ರಿಲಿನಿಂದ ಕಾನೂನಾಗಿದೆ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನಿನಿಂದ, ಮಾರಾಟ ನಿಂತ ಮೇಲೆಯೂ ಐದು ವರ್ಷ ಮೊಬೈಲುಗಳಿಗೆ ಪರಿಷ್ಕರಣಗಳನ್ನು ಒದಗಿಸಬೇಕೆಂಬ ನಿಯಮವು ಜಾರಿಯಲ್ಲಿದೆ. ಔಷಧದ ಸೀಸೆಯ ಮೇಲೆ ಅವಧಿಯನ್ನು ಅಚ್ಚುಮಾಡುವುದು ರೂಢಿಯಾಗಿರುವಾಗ, ಮನೆಯ ಹಣವನ್ನೆಲ್ಲ ಒಪ್ಪಿಸುವ ಯಂತ್ರಕ್ಕೆ ಅವಧಿಯನ್ನು ಹೇಳೆಂದು ಕೇಳುವುದು ಅತಿಯಾಸೆಯಲ್ಲ.

ಆ ಕಾಲವು ಬರುವವರೆಗೆ, ಈ ಸೀಮೆಯ ಹಳೆಯ ಒಕ್ಕಲುತನದಲ್ಲಿಯೇ ಒಂದು ಉಪಾಯವು ಕಾಣುತ್ತದೆ. ಜೋಳವನ್ನು ಹಗೇವಿನಲ್ಲಿ ಹಾಕಿ ಮುಚ್ಚುತ್ತಿದ್ದವರು ಬಿತ್ತನೆಯ ಜೋಳವನ್ನು ಅದರಲ್ಲಿ ಸೇರಿಸುತ್ತಿರಲಿಲ್ಲ. ಒಳ್ಳೆಯ ತೆನೆಗಳನ್ನು ಆರಿಸಿ ಬೇರೆಯೇ ಇಡುತ್ತಿದ್ದರು. ಹಗೇವಿಗೆ ನೀರು ಇಳಿದೀತೆ ಇಲ್ಲವೆ ಎಂಬ ತರ್ಕಕ್ಕೆ ಅವರು ಹೋಗಲಿಲ್ಲ. ಇಳಿದರೂ ಮುಂದಿನ ಬಿತ್ತನೆಯು ನಿಲ್ಲಬಾರದಾಗಿತ್ತು, ಅಷ್ಟೇ. ಮೊಬೈಲಿಗೆ ತಗಲಿಸಿದ ಖಾತೆಯಲ್ಲಿ ವಾರದ ಸಂತೆಗೆ ಬೇಕಾದಷ್ಟನ್ನಿರಿಸಿ, ಬಿತ್ತನೆಯ ಹಣವನ್ನು ಮೊಬೈಲಿನ ಸೋಂಕಿಲ್ಲದ ಮತ್ತೊಂದು ಖಾತೆಯಲ್ಲಿ ಇಡುವುದಕ್ಕೆ ಹೊಸ ಯಂತ್ರವೂ ಬೇಡ, ಅಂಕಗಳ ಪಟ್ಟಿಯೂ ಬೇಡ. ಬ್ಯಾಂಕಿಗೆ ಒಂದು ದಿನದ ಓಡಾಟ ಸಾಕು.